ನಾನಿಲ್ಲದ ವಾರ

ಕರೋಲ್ ಬಾಗ್‌ನ ಒಂದು ಗಲ್ಲಿಯಲ್ಲಿ ತಗಡಿನ ಟ್ರಂಕು ಮಾರುವ ಅಂಗಡಿಗಳು ಇನ್ನೂ ಉಳಿದಿವೆ. ಚಳಿ ಮುಗಿಯಿತು, ರಜಾಯಿ ಕಂಬಳಿಗಳನ್ನು ತುಂಬಿಡಲು ದೊಡ್ಡದೊಂದು ಟ್ರಂಕು ತನ್ನಿ ಎಂದು ಹೆಂಡತಿ ಮೊನ್ನೆ ಹೇಳಿದಳು. ಮಗಳನ್ನೂ ಎಳೆದುಕೊಂಡು ಹೋದೆ. ಆಗಷ್ಟೇ ಕಪ್ಪು ಬಣ್ಣ ಬಳಿದ ನಾಲ್ಕಾರು ಟ್ರಂಕುಗಳನ್ನು ಅಂಗಡಿಯ ಮುಂದೆ ಒಣಗಲು ಇಟ್ಟಿದ್ದರು. ಆ ಹಸಿ ಪೇಂಟಿನ ವಾಸನೆ ಮೂಗಿಗೆ ಬಿದ್ದದ್ದೇ ತಡ, ಚೌಕಾಸಿ ಮಾಡುವುದನ್ನೂ ಮರೆತು ನಿಂತುಬಿಟ್ಟೆ. "ಅಬ್ಬಾ, ಕ್ಯಾ ಹುವಾ?" ಎಂದು ಮಗಳು ತೋಳು ಅಲುಗಾಡಿಸಿದಳು. ನಮ್ಮ ಮನೆಯಲ್ಲಿ ಬಳ್ಳಾರಿಯ ದಖನಿ, ಹೊರಗೆ ದಿಲ್ಲಿಯ ಹಿಂದಿ. ಕನ್ನಡ ಅವಳಿಗೆ ಅರ್ಥವಾಗುತ್ತದೆ, ಬಾಯಿಗೆ ಬರುವುದಿಲ್ಲ. ಏನೂ ಇಲ್ಲ ಎಂದೆ. ಅವಳಿಗೆ ಹೇಳಲು ಹೊರಟರೆ ಅವಳು ಹುಟ್ಟಿದ ಕಾಲದಿಂದ ಶುರು ಮಾಡಬೇಕಿತ್ತು.

ಆ ವಾಸನೆ ಮೇಡಂ ಮನೆಯ ವರಾಂಡಾದ್ದು. ಎರಡು ಸಾವಿರನೇ ಇಸವಿಯ ಆಚೀಚೆ ಗುರಗಾಂವ್‌ನಲ್ಲಿ ಕಾಲ್ ಸೆಂಟರುಗಳು ಏಳುತ್ತಿದ್ದ ಕಾಲ, ಅಂಥದ್ದೊಂದರಲ್ಲಿ ಮೇಡಂ ಆಡಳಿತ ವಿಭಾಗ ನೋಡಿಕೊಳ್ಳುತ್ತಿದ್ದರು. ನಾನು ಅವರ ಕೈಕೆಳಗೆ. ಕೊಡಗಿನವರು, ಗಂಡ ಸೇನೆಯಲ್ಲಿ ಅಧಿಕಾರಿ, ಧೌಲಾ ಕುವಾಂ ಹತ್ತಿರ ಸೇನೆಯವರ ವಸತಿಯಲ್ಲಿ ಮನೆ. ಒಂದು ಭಾನುವಾರ ಏನೋ ಸಹಿ ಬೇಕಾಗಿ ಹೋದಾಗ ಮೇಡಂ ದುಪಟ್ಟಾ ಸೊಂಟಕ್ಕೆ ಬಿಗಿದುಕೊಂಡು, ಕೈಯಲ್ಲಿ ಬ್ರಷ್ ಹಿಡಿದು, ಟ್ರಂಕುಗಳ ಮೇಲಿನ ಹಳೆಯ ಊರಿನ ಹೆಸರು ಅಳಿಸುವಂತೆ ಕಪ್ಪು ಬಣ್ಣ ಬಳಿಯುತ್ತಿದ್ದರು.

"ಸಾಹೇಬರಿಗೆ ವರ್ಗ ಬಂತಾ ಮೇಡಂ?" ಎಂದೆ.

"ಇನ್ನೂ ಇಲ್ಲ ಮಾರಾಯ. ಬರುತ್ತಲ್ಲ" ಎಂದರು.

ಎಲ್ಲದರಲ್ಲೂ ಹಾಗೆಯೇ. ಬರುವುದು ಬರುವ ಮೊದಲೇ ಅವರು ತಯಾರು.

ನನ್ನ ಕೆಲಸ ಗಾಡಿಗಳದ್ದು. ನಮ್ಮ ಸೆಂಟರಿನ ಹುಡುಗ ಹುಡುಗಿಯರನ್ನು ಮನೆಯಿಂದ ಕರೆತಂದು ವಾಪಸು ಬಿಡಲು ಬಿಳಿ ಸುಮೋಗಳ ಒಂದು ದಂಡೇ ಇತ್ತು. ಯಾವ ಗಾಡಿ ಯಾವ ಕಾಲೋನಿಗೆ, ಯಾರನ್ನು ಮೊದಲು ಹತ್ತಿಸಿಕೊಳ್ಳಬೇಕು ಎಂದು ದಿನಾ ಮಧ್ಯಾಹ್ನದೊಳಗೆ ಗೊತ್ತುಮಾಡಿ ಡ್ರೈವರುಗಳಿಗೆ ಹೇಳುವವನು ನಾನು. ದಕ್ಷಿಣದ ಕಡೆಯವನಾದರೂ ಹಿಂದಿ ಬರುತ್ತದೆಂದು ಈ ಕೆಲಸಕ್ಕೆ ಹಾಕಿದ್ದರು. ನನ್ನ ದಖನಿ ಕೇಳಿ ಡ್ರೈವರುಗಳು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ನಾನು ಬೇಡ ಎನ್ನಲು "ನಕ್ಕೋ" ಎಂದರೆ ಸಾಕು, "ಭಯ್ಯಾ, ಫಿರ್ ಸೇ ಬೋಲೋ" ಎಂದು ಇನ್ನೊಮ್ಮೆ ಹೇಳಿಸುತ್ತಿದ್ದರು. ನಗಲಿ ಬಿಡಿ, ನಾನು ಹೇಳಿದ ಕಡೆಗೆ ಗಾಡಿ ಓಡಿಸುತ್ತಿದ್ದರಲ್ಲ.

ಆ ಕೆಲಸದಲ್ಲಿ ನಾನು ರಾಜ. ಸರೋಜಿನಿ ನಗರದ ಯಾವ ಬ್ಲಾಕಿನ ಗೇಟು ಬೇಗ ಮುಚ್ಚುತ್ತದೆ, ಯಾವ ಹುಡುಗಿಯ ತಾಯಿ ಹೊಸ ಡ್ರೈವರ್ ಬಂದರೆ ಬಾಗಿಲೇ ತೆಗೆಯುವುದಿಲ್ಲ, ಯಾವ ಇಬ್ಬರು ಮಾತು ಬಿಟ್ಟಿರುವುದರಿಂದ ಒಂದೇ ಗಾಡಿಯಲ್ಲಿ ಕೂರುವುದಿಲ್ಲ... ಎಲ್ಲ ನನ್ನ ತಲೆಯೊಳಗೇ. ಯಾರಿಗೂ ಬಾಯಿ ಬಿಡುತ್ತಿರಲಿಲ್ಲ. ಪರಊರಿನಲ್ಲಿ ಇದ್ದೇವೆ, ನಮಗೆ ಹಿಂದಿಲ್ಲ ಮುಂದಿಲ್ಲ, ನಮ್ಮ ಕೆಲಸ ಇನ್ನೊಬ್ಬರಿಗೆ ಗೊತ್ತಾದರೆ ನಾಳೆ ನಮ್ಮನ್ನು ಕೇಳುವವರು ಯಾರು? ಕರೋಲ್ ಬಾಗ್‌ನ ಮಹಡಿಯ ಮೇಲಿನ ಒಂಟಿ ಕೋಣೆಯಲ್ಲಿ ನನ್ನ ಜೊತೆಗಿದ್ದ ನಮ್ಮ ಕಡೆಯ ಹುಡುಗರೆಲ್ಲ ಹೀಗೆಯೇ ಮಾತಾಡುತ್ತಿದ್ದರು. ನಮ್ಮ ಸೆಂಟರಿನ ದೊಡ್ಡ ಸಾಹೇಬರಂತೂ ಎದುರು ಸಿಕ್ಕಾಗಲೆಲ್ಲ ಬೆನ್ನು ತಟ್ಟಿ, ನೀನಿಲ್ಲದಿದ್ದರೆ ನಾವು ಮುಳುಗುತ್ತೇವೆ ಎನ್ನುತ್ತಿದ್ದರು. ನಾನು ಇಷ್ಟಿಷ್ಟು ಉಬ್ಬುತ್ತಿದ್ದೆ.

ಮೇಡಂ ಸೇರಿದ ಹೊಸತರಲ್ಲಿ ನನ್ನ ಮೇಜಿನ ಪಕ್ಕ ಕುರ್ಚಿ ಎಳೆದುಕೊಂಡು ಕೂತು ಕೇಳಿದ್ದು ಒಂದೇ ಪ್ರಶ್ನೆ. ನಾಳೆ ನೀನು ಬರದಿದ್ದರೆ ಏನಾಗುತ್ತೆ?

"ಒಂದು ಗಾಡಿನೂ ಹೊರಡಲ್ಲ ಮೇಡಂ" ಎಂದೆ, ಮೀಸೆ ತಿರುವುವುದೊಂದೇ ಬಾಕಿ.

"ಹಾಗಾದ್ರೆ ನೀನೂ ಹೊರಡಲ್ಲ ಬಿಡು. ಈ ಕುರ್ಚಿಲೇ ಮುದುಕ ಆಗ್ತೀಯ" ಎಂದು ಎದ್ದು ಹೋದರು. ಕೊಡಗಿನವರಿಗೆ ಮಾತಿನಲ್ಲಿ ಎಣ್ಣೆ ಹಾಕಿ ಗೊತ್ತಿಲ್ಲ ಎಂದು ಬೈದುಕೊಂಡೆ.

ಅವರ ಮಾತು ತಾಗಿದ್ದು ನೋಯ್ಡಾದಲ್ಲಿ ಹೊಸ ಸೆಂಟರ್ ತೆರೆಯುವ ಸುದ್ದಿ ಬಂದಾಗ. ಅಲ್ಲಿನ ಗಾಡಿ ವಿಭಾಗಕ್ಕೊಬ್ಬ ಮುಖ್ಯಸ್ಥ ಬೇಕಿತ್ತು. ಆ ಕೆಲಸ ಸಿಕ್ಕರೆ ಎರಡು ಕೋಣೆಯ ಮನೆ ಹಿಡಿದು ಬಳ್ಳಾರಿಯಲ್ಲಿದ್ದ ಹೆಂಡತಿ ಮಗಳನ್ನು ಕರೆಸಿಕೊಳ್ಳಬಹುದಿತ್ತು. ಮಗಳು ಹುಟ್ಟಿದಾಗ ಹೋಗಿ ನೋಡಿ ಬಂದವನು ಮತ್ತೆ ನೋಡಿರಲಿಲ್ಲ. ಅವಳಾಗಲೇ ಬೋರಲು ಬಿದ್ದು, ತೆವಳಿ, ಗೋಡೆ ಹಿಡಿದು ನಿಲ್ಲುವವರೆಗೆ ಬಂದಿದ್ದಳು. ಎಲ್ಲ ನನಗೆ ಫೋನಿನಲ್ಲಿ. "ನಿಮ್ಮ ಫೋಟೊ ತೋರಿಸಿ ಅಬ್ಬಾ ಅಂತ ಹೇಳಿಕೊಡ್ತಿದ್ದೀನಿ. ನಾಳೆ ಫೋಟೊನೇ ಅಬ್ಬಾ ಅಂದುಕೊಂಡ್ರೆ ನನ್ನ ಕೇಳಬೇಡಿ" ಎಂದಿದ್ದಳು ಹೆಂಡತಿ. ನಗುತ್ತಲೇ ಹೇಳಿದಳು. ನನಗೆ ಆವತ್ತು ಊಟ ಸೇರಲಿಲ್ಲ.

ದೊಡ್ಡ ಸಾಹೇಬರ ಹತ್ತಿರ ಹೋಗಿ ನೋಯ್ಡಾಗೆ ನನ್ನನ್ನು ಕಳಿಸಿ ಎಂದೆ. ಅವರು ಎಂದಿನಂತೆ ಬೆನ್ನು ತಟ್ಟಿದರು. ನಿನ್ನನ್ನು ಬಿಟ್ಟುಕೊಟ್ಟರೆ ಇಲ್ಲಿ ನಾಳೆಯೇ ಎಲ್ಲ ನಿಲ್ಲುತ್ತದೆ, ಬೇರೆ ಯಾರನ್ನಾದರೂ ಹೊರಗಿನಿಂದ ತರುತ್ತೇವೆ ಎಂದರು. ಅಯ್ಯೋ ದೇವರೇ, ಇಷ್ಟು ದಿನ ಯಾವ ಹೊಗಳಿಕೆಗೆ ಉಬ್ಬುತ್ತಿದ್ದೆನೋ ಅದೇ ಕಾಲಿಗೆ ಸರಪಳಿಯಾಗಿತ್ತು. ಕೆಲಸ ಬಿಟ್ಟು ಊರಿಗೆ ಹೋಗುತ್ತೇನೆಂದು ನೇರವಾಗಿ ಮೇಡಂ ಮುಂದೆ ಹೋಗಿ ಕೂಗಾಡಿದೆ.

ಅವರು ಚಹಾ ತರಿಸಿದರು. ಸಿಟ್ಟಿನಲ್ಲಿ ಕೆಲಸ ಬಿಡುವವನಿಗೆ ಮುಂದಿನ ಕೆಲಸವೂ ಸಿಟ್ಟಿನಲ್ಲೇ ಸಿಗುತ್ತದೆ, ಸುಮ್ಮನೆ ಕೂತುಕೋ ಎಂದರು. ಆಮೇಲೆ ತಮ್ಮದೇ ಕಥೆ ಹೇಳಿದರು. ಮದುವೆಯಾದ ಹೊಸತರಲ್ಲಿ ಗಡಿಯ ಹತ್ತಿರದ ಒಂದು ಊರಿನ ಶಾಲೆಯ ಕಚೇರಿಯನ್ನು ಅವರೊಬ್ಬರೇ ನೋಡಿಕೊಳ್ಳುತ್ತಿದ್ದರಂತೆ. ಗಂಡನಿಗೆ ದಿಢೀರನೆ ವರ್ಗವಾಗಿ ಇವರೂ ಹೊರಟರು. ಶಾಲೆ ತಿಂಗಳುಗಟ್ಟಲೆ ತತ್ತರಿಸಿತಂತೆ, ಎಲ್ಲರೂ ಇವರನ್ನು ಶಪಿಸಿದರಂತೆ. ಅದೇ ವಾರ ಅವರ ಗಂಡ ತಮ್ಮ ಚಾರ್ಜನ್ನು ಇನ್ನೊಬ್ಬರಿಗೆ ವಹಿಸಿಕೊಟ್ಟಿದ್ದರು. ಅಲ್ಲಿ ಯಾವ ಗಲಾಟೆಯೂ ಇರಲಿಲ್ಲ. ಸೇನೆಯಲ್ಲಿ ಹೋಗುವವನೂ ಬರುವವನೂ ಒಟ್ಟಿಗೆ ನಡೆದು ಎಲ್ಲವನ್ನೂ ನೋಡುತ್ತಾರೆ, ಕೊನೆಯ ದಿನಗಳಲ್ಲಿ ಕೆಲಸವನ್ನು ಬಂದವನೇ ಮಾಡಬೇಕು, ಹೋಗುವವನು ಪಕ್ಕದಲ್ಲಿ ನಿಂತಿರಬೇಕು ಅಷ್ಟೇ. ಅಂದಿನಿಂದ ಮೇಡಂ ಯಾವ ಆಫೀಸಿಗೆ ಸೇರಿದರೂ ಸೇರಿದ ದಿನದಿಂದಲೇ ವಹಿಸಿಕೊಡಲು ಶುರು ಮಾಡುತ್ತಿದ್ದರು.

"ಯಾರಿಗೆ ಕಲಿಸ್ತೀಯ ಹೇಳು" ಎಂದರು. ಸ್ವಾಗತದ ಮೇಜಿನಲ್ಲಿ ಕೂರುತ್ತಿದ್ದ ಒಬ್ಬಳು ಪಂಜಾಬಿ ಹೆಂಗಸು ಇದ್ದಳು. ದಿಲ್ಲಿಯಲ್ಲೇ ಹುಟ್ಟಿ ಬೆಳೆದವಳು, ಚುರುಕು. ಅವಳಿಗೂ ಆ ಮೇಜು ಸಾಕಾಗಿತ್ತು. ನಾನು ಎಲ್ಲವನ್ನೂ ಬರೆದುಕೊಡುತ್ತೇನೆ ಎಂದೆ.

"ಬರೆದಿದ್ದನ್ನ ಯಾರೂ ಓದಲ್ಲ. ಅವಳನ್ನ ನಿನ್ನ ಕುರ್ಚಿಲಿ ಕೂರಿಸು. ನೀನು ಪಕ್ಕದಲ್ಲಿ ಎರಡೂ ಕೈ ಜೇಬಲ್ಲಿ ಇಟ್ಕೊಂಡು ಕೂತ್ಕೋ. ತೆಗೆದ್ರೆ ನೋಡು."

ಆ ಕೈಗಳನ್ನು ಜೇಬಿನಲ್ಲಿ ಇಟ್ಟುಕೊಳ್ಳುವ ಕಷ್ಟ ನನಗೇ ಗೊತ್ತು. ಅವಳು ಡ್ರೈವರಿಗೆ ತಪ್ಪು ದಾರಿ ಹೇಳುವಾಗ ಫೋನ್ ಕಿತ್ತುಕೊಳ್ಳಲು ಬೆರಳು ತುರಿಸುತ್ತಿದ್ದವು. ಮೇಡಂ ಗಾಜಿನ ಬಾಗಿಲಿನಾಚೆಯಿಂದ ಕಣ್ಣು ಬಿಡುತ್ತಿದ್ದರು. ತಪ್ಪು ಮಾಡಿ, ಅದೇ ಡ್ರೈವರಿಂದ ಬೈಸಿಕೊಂಡು, ಅವಳೇ ತಿದ್ದಿಕೊಂಡಳು. ತಿಂಗಳು ಕಳೆಯುವಷ್ಟರಲ್ಲಿ ನನ್ನನ್ನು ಕೇಳುವುದೇ ಕಡಿಮೆಯಾಯಿತು. ಆಗ ಮೇಡಂ ನನಗೆ ಒಂದು ವಾರ ರಜೆ ಬರೆದರು. ಊರಿಗೆ ಹೋಗು ಎಂದರು. ಹೊರಡುವಾಗ ನನ್ನ ಮೊಬೈಲನ್ನೂ ಕಿತ್ತು ಅವಳ ಕೈಗೆ ಕೊಟ್ಟರು. ಡ್ರೈವರುಗಳೆಲ್ಲ ಆ ನಂಬರಿಗೇ ಫೋನ್ ಮಾಡುತ್ತಿದ್ದದ್ದು.

ಊರಿನಲ್ಲಿ ಮಗಳು ನನ್ನನ್ನು ನೋಡಿ ಚಿಟ್ಟನೆ ಚೀರಿ ಅಜ್ಜಿಯ ಹೆಗಲಿಗೆ ಮುಖ ಹುದುಗಿಸಿದಳು. ಫೋಟೊದ ಕಡೆ ಮಾತ್ರ ಕೈ ತೋರಿಸಿದಳು. ಹೆಂಡತಿ ಹೇಳಿದ್ದೇ ನಿಜವಾಗಿತ್ತು. ಹೊರಗೆ ಹೋಗಿ ಕಣ್ಣು ಒರೆಸಿಕೊಂಡು ಬಂದೆ. ಆದರೂ ನನ್ನ ಬುದ್ಧಿ ನೋಡಿ, ಎಸ್‌ಟಿಡಿ ಬೂತಿಗೆ ಹೋಗಿ ಆಫೀಸಿಗೆ ಫೋನ್ ಮಾಡಿದೆ. ಎಷ್ಟು ಗಾಡಿ ನಿಂತಿವೆಯೋ ಎಂಬ ಆಸೆ, ಆತಂಕ ಎರಡೂ. ಎತ್ತಿದವರು ಮೇಡಂ.

"ಯಾರು? ಆ ಹೆಸರಿನವರು ಇಲ್ಲಿ ಯಾರೂ ಕೆಲಸ ಮಾಡಲ್ಲಪ್ಪ" ಎಂದು ಇಟ್ಟೇಬಿಟ್ಟರು!

ವಾಪಸು ಬಂದಾಗ ಎಲ್ಲ ಸುಸೂತ್ರ. ಮೊದಲ ದಿನ ಒಂದು ಗಾಡಿ ತಡವಾಯಿತಂತೆ, ಅಷ್ಟೇ. ಅಷ್ಟೇ ಅಲ್ಲ, ಲೋಧಿ ಕಾಲೋನಿಯವರನ್ನೂ ಸರೋಜಿನಿ ನಗರದವರನ್ನೂ ಸೇರಿಸಿ ಅವಳು ಒಂದು ಗಾಡಿಯನ್ನೇ ಉಳಿಸಿದ್ದಳು. ಖುಷಿಯಾಗಬೇಕಿತ್ತು. ಆಗಲಿಲ್ಲ. ಒಂದು ವಾರ ನಾನಿರಲಿಲ್ಲ, ಯಾರಿಗೂ ಏನೂ ಆಗಿರಲಿಲ್ಲ.

ಮೇಡಂ ನನ್ನನ್ನು ದೊಡ್ಡ ಸಾಹೇಬರ ಕೋಣೆಗೆ ಕರೆದೊಯ್ದರು. ಮಾತು ನಡೆದದ್ದು ಹಿಂದಿಯಲ್ಲಿ, ನೆನಪಿರುವಂತೆ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಇವನು ಒಂದು ವಾರ ಇರಲಿಲ್ಲ, ನಿಮಗೆ ಗೊತ್ತಾಯಿತಾ ಎಂದು ಮೇಡಂ ಕೇಳಿದರು. ಸಾಹೇಬರಿಗೆ ಗೊತ್ತೇ ಆಗಿರಲಿಲ್ಲ. ನನ್ನನ್ನು ಮೇಲಿನಿಂದ ಕೆಳಗೆ ನೋಡಿದರು.

"ಅಚ್ಛಾ! ಹಾಗಾದರೆ ಇವನಿಗೆ ಸಂಬಳ ಯಾಕೆ ಕೊಡುತ್ತಿದ್ದೇವೆ?"

ಮುಗಿಯಿತು, ಈ ಹೆಂಗಸಿನ ಮಾತು ಕೇಳಿ ಇದ್ದ ಕೆಲಸಕ್ಕೂ ಕಲ್ಲು ಹಾಕಿಕೊಂಡೆ ಎಂದುಕೊಂಡೆ. ಎರಡು ಕೋಣೆಯ ಮನೆ, ಗೋಡೆ ಹಿಡಿದು ನಿಂತ ಮಗಳು, ಎಲ್ಲ ಕಣ್ಣ ಮುಂದೆ ಬಂದು ಹೋದವು.

ಮೇಡಂ ದನಿ ಏರಿಸಲಿಲ್ಲ. "ತಾನಿಲ್ಲದೆ ನಡೆಯುವ ಹಾಗೆ ಕೆಲಸ ಕಟ್ಟಿದ್ದಾನೆ. ನೋಯ್ಡಾದಲ್ಲಿ ಕಟ್ಟೋದಕ್ಕೆ ಇವನನ್ನ ಬಿಟ್ಟು ಯಾರನ್ನ ಕಳಿಸ್ತೀರಿ? ಇಷ್ಟು ದಿನ ನಿಮ್ಮ ಆಫೀಸು ಒಬ್ಬನ ಮೇಲೆ ನಿಂತಿತ್ತು ಸರ್. ಇವನಿಗೆ ಜ್ವರ ಬಂದಿದ್ದರೆ ನಿಮಗೂ ಬರ್ತಿತ್ತು" ಎಂದರು. ಸಾಹೇಬರು ಸ್ವಲ್ಪ ಹೊತ್ತು ಪೆನ್ನು ತಿರುಗಿಸಿದರು. ಆಮೇಲೆ ನಕ್ಕರು.

ನೋಯ್ಡಾ ನನಗೆ ಸಿಕ್ಕಿತು. ಮಗಳು ನಡೆಯಲು ಕಲಿತದ್ದು ಆ ಎರಡು ಕೋಣೆಯ ಮನೆಯಲ್ಲಿ, ನನ್ನ ಕಣ್ಣೆದುರೇ.

ಮೇಡಂ ಗಂಡನಿಗೆ ಈಶಾನ್ಯದ ಕಡೆ ವರ್ಗವಾಗಿ ಅವರೂ ಹೋದರು. ಅವರ ಜಾಗಕ್ಕೆ ಬಂದವರಿಗೆ ಒಂದು ದಿನವೂ ತೊಡಕಾಗಲಿಲ್ಲ. ಊರೂರಿಗೆ ಹೋಗಿ ಮತ್ತೆ ಮತ್ತೆ ಕೆಳಗಿನಿಂದ ಶುರು ಮಾಡಿದ್ದರಿಂದ, ಅಷ್ಟು ತಿಳಿದಿದ್ದ ಹೆಂಗಸು ಎಲ್ಲಿಯೂ ದೊಡ್ಡ ಹುದ್ದೆಗೆ ಏರಲಿಲ್ಲ. ಆ ಬಗ್ಗೆ ನನಗೆ ಈಗಲೂ ಸಂಕಟವಿದೆ, ಅವರಿಗೆ ಇದ್ದಂತೆ ಕಾಣಲಿಲ್ಲ... ಇದ್ದಿದ್ದರೂ ಹೇಳುವ ಜೀವವಲ್ಲ.

ಅವರ ಪಾಠ ಎಲ್ಲ ಕಡೆ ನಡೆಯುತ್ತದೆ ಎಂದು ನಾನು ಹೇಳಲಾರೆ. ಮುಂದೊಂದು ಕಂಪನಿಯಲ್ಲಿ ನಾನು ಕಲಿಸಿದವನನ್ನು ಇಟ್ಟುಕೊಂಡು ನನ್ನನ್ನು ಮನೆಗೆ ಕಳಿಸಿದರು. ಮೇಡಂಗೆ ಫೋನ್ ಮಾಡಿ ಜಗಳವಾಡಿದೆ. "ಅಂಥ ಕಡೆ ನೀನು ಮುದುಕ ಆಗ್ಲಿಲ್ಲವಲ್ಲ, ಒಳ್ಳೇದೇ ಆಯ್ತು ಬಿಡು. ಚಲೋ, ಮುಂದಿನದು ಹುಡುಕು" ಎಂದರು. ಹುಡುಕಿದೆ, ಸಿಕ್ಕಿತು. ನನ್ನ ಕೈಕೆಳಗಿನವರಿಗೆ ಈಗಲೂ ವರ್ಷಕ್ಕೊಂದು ವಾರ ಫೋನ್ ಕಿತ್ತುಕೊಂಡು ರಜೆ ಕೊಡುತ್ತೇನೆ. ಬೈದುಕೊಳ್ಳುತ್ತಾರೆ, ಬೈದುಕೊಳ್ಳಲಿ.

ಆಮೇಲೆ ಫೋನುಗಳು ಕಡಿಮೆಯಾದವು. ಹಬ್ಬಕ್ಕೊಂದು ಸಂದೇಶ, ನಂತರ ಅದೂ ಇಲ್ಲ... ಟ್ರಂಕು ಮನೆಗೆ ತಂದ ಸಂಜೆ ಮನಸ್ಸು ತಡೆಯದೆ ಹಳೆಯ ನಂಬರಿಗೆ ಫೋನ್ ಮಾಡಿದೆ. ಎತ್ತಿದವರು ಅವರ ಗಂಡ. ಹೆಸರು ಹೇಳಿದೆ. "ಓ, ಗಾಡಿ ಹುಡುಗ" ಎಂದರು. ಮೇಡಂ ತೀರಿಕೊಂಡು ವರ್ಷದ ಮೇಲಾಗಿತ್ತು. ಬಹಳ ದಿನ ಕಾಯಿಲೆಯಿತ್ತಂತೆ. ನನಗೆ ಯಾರೂ ತಿಳಿಸಿರಲಿಲ್ಲ. ತಿಳಿಸಲು ನಾನು ಯಾರು?

ಕ್ಷಮಿಸಿ ಸರ್, ನೀವು ಒಬ್ಬರೇ ಹೇಗೆ ಎಂದೆ. ಅವರು ಸೇನೆಯ ದನಿಯಲ್ಲೇ ಹೇಳತೊಡಗಿದರು.

"ಇದು ವಾಸಿ ಆಗಲ್ಲ ಅಂತ ಡಾಕ್ಟರು ಹೇಳಿದ ಮಾರನೇ ದಿನಾನೇ ಅವಳು ನನ್ನನ್ನ ಅಡುಗೆಮನೆಗೆ ಕರೆದಳು. ತಾನು ಕುರ್ಚಿ ಹಾಕ್ಕೊಂಡು ಪಕ್ಕದಲ್ಲಿ ಕೂತಳು. ಅನ್ನ ಇಡೋದು, ಸಾರು ಮಾಡೋದು, ಗ್ಯಾಸ್ ಬುಕ್ ಮಾಡೋದು, ನನ್ನ ಮಾತ್ರೆ ಯಾವುದು ಯಾವಾಗ, ಎಲ್ಲ ನನ್ನ ಕೈಲೇ ಮಾಡಿಸಿದಳು. ಸಾರು ಹೊತ್ತಿದ್ರೂ ಎದ್ದು ಬರ್ಲಿಲ್ಲ. ಪೂರ್ತಿ ಚಾರ್ಜ್ ಕೊಟ್ಟೇ ಹೋದಳು ನೋಡು."

ಆ ಕಡೆ ಕುಕ್ಕರ್ ಕೂಗಿತು, ಹೋಗಿ ಒಲೆ ಆರಿಸಿ ಬಂದರು.

"ಎಲ್ಲ ಸರಿಯಾಗೇ ನಡೀತಿದೆ. ಅವಳಿಲ್ಲ ಅಂತ ಮನೇಲಿ ಒಂದೂ ನಿಂತಿಲ್ಲ. ಏನಾದ್ರೂ ಒಂದು ನಿಲ್ಲಬೇಕಿತ್ತು ಕಣಪ್ಪ" ಎಂದರು.

ಆಮೇಲೆ ಅವರೇ, ಸಾರಿಗೆ ಒಗ್ಗರಣೆ ಹಾಕುವ ಹೊತ್ತಾಯಿತು ಎಂದು ಹೇಳಿ ಇಟ್ಟರು.