ಮೇಲು ಹಾಲು ಬೇಡ

ನೆರೆಗೆ ಮನೆ ಬಿದ್ದವರನ್ನೆಲ್ಲ ಸೊರಬದ ಕಡೆಯ ಒಂದು ಶಾಲೆಯ ಹಾಲ್‌ನಲ್ಲಿ ತಂದಿಟ್ಟಿದ್ದರು. ಅದಕ್ಕೆ ಕಾಳಜಿ ಕೇಂದ್ರ ಎಂದು ಹೆಸರು. ಅಂಗನವಾಡಿ ಟೀಚರ್ ಆದ ನನಗೆ ಅಲ್ಲಿನ ಬಾಣಂತಿಯರು, ಕೂಸುಗಳ ಜವಾಬ್ದಾರಿ.

ಎರಡನೇ ದಿನ ಶಿಕಾರಿಪುರದಿಂದ ಒಂದಿಷ್ಟು ಹುಡುಗರು ಗಾಡಿ ತುಂಬ ಕಂಬಳಿ, ಬ್ರೆಡ್ಡು, ಹಾಲಿನ ಪುಡಿಯ ಡಬ್ಬಿ, ಬಾಟಲಿ ತಂದರು. ನೀರು ಕುದಿಸಲು ಇಡೀ ಕೇಂದ್ರಕ್ಕೆ ಇರುವುದು ಒಂದೇ ಒಲೆ, ತೊಳೆಯದ ಬಾಟಲಿ ಕೂಸಿಗೆ ವಿಷ ಎಂದೆ. “ಪಾಪ, ಕೂಸುಗಳು ಮೇಡಂ, ಇರ್ಲಿ ಬಿಡ್ರೀ” ಎಂದು ಫೋಟೋ ತೆಗೆದುಕೊಂಡರು. ಇವರಿಗೆ ಬುದ್ಧಿ ಹೇಳುವುದು ನೀರಲ್ಲಿ ಹೋಮ ಮಾಡಿದ ಹಾಗೆ. ಅವರು ಹಂಚಿ ಉಳಿದಿದ್ದ ಡಬ್ಬಿಗಳನ್ನು ಬೀರುವಿಗೆ ಹಾಕಿ ಬೀಗ ಜಡಿದೆ. ಬೋರ್ಡಿನ ಮೇಲೆ ದಪ್ಪಕ್ಷರದಲ್ಲಿ ಬರೆದೆ: ‘ಆರು ತಿಂಗಳೊಳಗಿನ ಕೂಸಿಗೆ ಮೇಲು ಹಾಲು ಬೇಡ.’ ತಾಯಿಯ ಹಾಲು ಬಿಟ್ಟು ಮೇಲಿಂದ ಕುಡಿಸುವ ಯಾವ ಹಾಲಾದರೂ ನಮ್ಮ ಬಾಯಲ್ಲಿ ಮೇಲು ಹಾಲೇ.

ಮರುದಿನ ಎರಡು ತಿಂಗಳ ಕೂಸೊಂದಕ್ಕೆ ನಿಲ್ಲದ ಭೇದಿ. ತಾಯಿಯ ಬಟ್ಟೆಗಂಟಿನ ಕೆಳಗೆ ಬಾಟಲಿ ಸಿಕ್ಕಿತು. ಪುಡಿ ಕಲಸಿದ್ದು ನಲ್ಲಿಯ ಹಸಿ ನೀರಿಗೆ. ನನಗೆ ಮೈಯೆಲ್ಲ ಉರಿದುಹೋಯಿತು.

“ಬೋರ್ಡ್ ಮೇಲೆ ಬರ್ದಿದ್ದು ಕಾಣ್ಲಿಲ್ವೇನೇ?”

“ಕಾಣ್ತು. ಮೇಲಾದ ಹಾಲು ನಮ್ಮಂಥೋರ ಮಕ್ಕಳಿಗೆ ಬ್ಯಾಡ ಅಂತ ಬರ್ದೀರಿ. ನಿಮ್ಮ ಮಕ್ಕಳಾಗಿದ್ರೆ ಹಂಗೆ ಬರೀತಿದ್ರೇನ್ರೀ?”

ಹಣೆ ಚಚ್ಚಿಕೊಂಡೆ. ಅರ್ಥ ಬಿಡಿಸಿ ಹೇಳುತ್ತಲೇ ಆಸ್ಪತ್ರೆಗೆ ಕರೆದೊಯ್ದೆ. ಡಾಕ್ಟರು ಓಆರ್‌ಎಸ್ ಕೊಟ್ಟರು. ಬಾಟಲಿ ಬಿಸಾಕಿ, ಮೇಲಿಂದ ಮೇಲೆ ಎದೆಹಾಲು ಕೊಡದಿದ್ದರೆ ಕೂಸು ಉಳಿಯುವುದು ಕಷ್ಟ ಎಂದರು.

ವಾಪಸು ಬಂದರೂ ಅವಳು ಸೆರಗು ಬಿಗಿದುಕೊಂಡು, ಕೂಸಿಗೆ ಎದೆ ಕೊಡದೆ ಕೂತಿದ್ದಳು. ಅತ್ತು ಅತ್ತು ಕೂಸಿನ ದನಿ ಸಣ್ಣಗಾಗಿತ್ತು. ನನಗೆ ಭಯವೂ ಸಿಟ್ಟೂ ಒಟ್ಟಿಗೇ ಬಂದವು.

“ಕೂಸು ಉಳೀಬೇಕೋ ಬ್ಯಾಡ್ವೋ ನಿಂಗೆ?”

“ಹಾಲು ತುಂಬಿ ಎದೆ ಕಟ್ಕೊಂಡು ಜ್ವರ ಬಂದಂಗಾಗೇತಿ ಟೀಚರೇ” ಎಂದು ಅವಳು ಅತ್ತೇಬಿಟ್ಟಳು. “ಮಾವ ಎದುರಿಗೇ ಕುಂತಿರ್ತಾರೆ. ಸುತ್ತ ಊರಿನ ಗಂಡಸರು. ಎಲ್ಲಿ ಕುಂತು ಕುಡಿಸ್ಲಿ? ಬಂದಾಗಿಂದ ಬರೀ ಹೇಳ್ತೀರಿ. ಒಂದ್ಸಲನಾದ್ರೂ ಕೇಳಿದ್ರೇನ್ರೀ?”

ಮೂಲೆಯಲ್ಲಿ ಎರಡು ಬೆಂಚು ನಿಲ್ಲಿಸಿ, ನನ್ನ ಚೀಲದಲ್ಲಿದ್ದ ಸೀರೆಯನ್ನು ಅಡ್ಡ ಕಟ್ಟಿದೆ. ಐದು ನಿಮಿಷದ ಕೆಲಸ. ಸ್ವಲ್ಪ ಹೊತ್ತಿಗೆ ಆಚೆಯಿಂದ ಕೂಸು ಗುಟುಕು ನುಂಗುವ ಸದ್ದು ಕೇಳಿಸಿತು. ನನಗಿನ್ನೂ ಯಾರನ್ನಾದರೂ ಬೈಯಬೇಕು ಅನ್ನಿಸುತ್ತಿತ್ತು. ಬೈಸಿಕೊಳ್ಳಲು ಉಳಿದಿದ್ದವಳು ನಾನೊಬ್ಬಳೇ.