ಫ್ಲಾಪಿಯ ಹಿಂಬದಿ

ಅಣ್ಣ ಗಜೇಂದ್ರಗಡದಲ್ಲಿ ಟಿವಿ, ರೇಡಿಯೊ ರಿಪೇರಿ ಮಾಡುತ್ತಿದ್ದ. ಹುಬ್ಬಳ್ಳಿಯಲ್ಲಿ ಯಾರೋ ಮೂಲೆಗಿಟ್ಟಿದ್ದ ಹಳೆಯ ಕಂಪ್ಯೂಟರನ್ನು ಒಮ್ಮೆ ಮನೆಗೆ ತಂದು ನಮ್ಮ ಟಿವಿಗೆ ಜೋಡಿಸಿದ. ಜೊತೆಗೆ ಬಂದದ್ದು ಕಂಪ್ಯೂಟರಿನಲ್ಲಿ ಮಾಡಿದ್ದನ್ನು ಉಳಿಸಿಡುವ ಕೆಲವೇ ಫ್ಲಾಪಿಗಳು: ಅಂಗೈಗಿಂತ ಅಗಲವಾದ, ಕರಿಯ, ಬಳುಕುವ ಚೌಕಗಳು. ಒಂದೇ ಮಗ್ಗುಲಲ್ಲಿ ಬರೆಯಲು ಬರುತ್ತಿತ್ತು. ಆ ಮಗ್ಗುಲು ಆಗಲೇ ತುಂಬಿತ್ತು.

ಅಂಚಿನಲ್ಲಿ ಸಣ್ಣ ಕಚ್ಚು ಇದ್ದರೆ ಮಾತ್ರ ಯಂತ್ರ ಬರೆಯುತ್ತಿತ್ತು. ಅಣ್ಣ ಒಂದು ಫ್ಲಾಪಿಯನ್ನು ಮಗುಚಿ ಇನ್ನೊಂದರ ಮೇಲಿಟ್ಟು, ಪೆನ್ಸಿಲ್ಲಿನಿಂದ ಗುರುತು ಮಾಡಿ, ಎದುರಿನ ಅಂಚಿನಲ್ಲೂ ಅಂಥದೇ ಕಚ್ಚು ಕತ್ತರಿಸಿದ. ತಿರುವಿ ಹಾಕಿದರೆ ಹಿಂಬದಿಯೂ ಕೆಲಸಕ್ಕೆ ಬಂತು. ಕಂಪ್ಯೂಟರ್ ಕೊಟ್ಟವರು ಮೊದಲೇ ಹೇಳಿದ್ದರಂತೆ: "ಉಲ್ಟಾ ಹಾಕಿದ್ರ ಉಲ್ಟಾ ತಿರಗತೈತ್ರಿ. ಒಳಗ ಕುಂತ ಧೂಳ ಎದ್ದು ಕೆರದ್ಬಿಡತೈತಿ."

"ಸದ್ಯಕ್ಕ ನಡೀತೈತಿ ಬಿಡ್ರಿ," ಎಂದು ಅಣ್ಣ ಹೇಳಿ ಬಂದಿದ್ದ.

ಆ ಹಿಂಬದಿಯಲ್ಲಿ ಅವನು ಅವ್ವನಿಗಾಗಿ ಅಕ್ಷರ ಬರೆದ. ಅವ್ವ ಸಾಲೆಗೆ ಹೋದವಳಲ್ಲ. ಚುಕ್ಕೆಗೆ ಚುಕ್ಕೆ ಕೂಡಿಸಿ ಒಂದೊಂದೇ ಅಕ್ಷರ ಕಟ್ಟಿದ. ಗುಂಡಿ ಒತ್ತಿದರೆ ಟಿವಿಯ ತುಂಬ 'ಅ' ಮೂಡುತ್ತಿತ್ತು. ಸಂಜೆ ರೊಟ್ಟಿ ಬಡಿದು ಮುಗಿಸಿ, ಹಿಟ್ಟಿನ ಕೈ ತೊಳೆದುಕೊಂಡು ಅವ್ವ ಅದರ ಮುಂದೆ ಕೂತು ಗಾಳಿಯಲ್ಲಿ ಬೆರಳಾಡಿಸಿ ತಿದ್ದುತ್ತಿದ್ದಳು. 'ಞ'ದವರೆಗೆ ಬಂದಿದ್ದಳು.

ಆಗಲೇ ಅಣ್ಣ ಬೆಳವಣಕಿಯ ಒಂದು ಮನೆಗೆ ಆಂಟೆನಾ ನಿಲ್ಲಿಸಲು ಹೋದ. ಮಾಳಿಗೆಯ ಮೇಲೆ ಎತ್ತುತ್ತಿದ್ದ ಕಬ್ಬಿಣದ ಕೊಳವೆ ಕರೆಂಟಿನ ತಂತಿಗೆ ತಾಗಿತು. ಟ್ರ್ಯಾಕ್ಟರಿನಲ್ಲಿ ಮಲಗಿಸಿ ತಂದರು. ಮುಖ ಮಾತ್ರ ಮೊದಲಿನಂತೆಯೇ ಇತ್ತು.

ಮಣ್ಣಿಗೆ ಬಂದ ನೆಂಟರು ಹೋದ ಮೇಲೆ ಅವ್ವ ನನ್ನನ್ನು ಕರೆದಳು. "ಮಗಳ, ಟಿವಿ ಹಚ್ಚು. ಅಂವಾ ಬರದದ್ದ ನೋಡತೇನಿ."

ಅಣ್ಣ ಮಾಡುತ್ತಿದ್ದಂತೆಯೇ ಫ್ಲಾಪಿ ತಿರುವಿ ಹಾಕಿದೆ. ಕಿರ್ರೆಂದಿತು. 'ಅ' ಬಂತು. 'ಆ' ಅರ್ಧಕ್ಕೇ ನಿಂತಿತು. ಹೊರತೆಗೆದು ನೋಡಿದರೆ ಒಳಗಿನ ಕಂದು ಹಾಳೆಯ ಮೇಲೆ ಬಳೆಯಂಥ ಗೀರು.

"ಹಾಳಾಗೇತಬೇ," ಅಂದೆ.

"ಇನ್ನೊಮ್ಮೆ ಹಾಕು."

ಹಾಕಿದೆ. ಈ ಸಲ 'ಅ' ಕೂಡ ಬರಲಿಲ್ಲ. ಅವ್ವ ಅಳಲಿಲ್ಲ. ಖಾಲಿ ಪರದೆಯನ್ನು ಸೆರಗಿನಿಂದ ಒರೆಸಿದಳು, ಧೂಳು ಹೊರಗೇ ಇದೆಯೇನೋ ಎಂಬಂತೆ.

ಕೆಲವು ತಿಂಗಳ ಮೇಲೆ ನಾನು ಪಾಟಿ, ಬಳಪ ತಂದು ಮುಂದಿನ ಅಕ್ಷರ ಕಲಿಸುತ್ತೇನೆಂದೆ.

"ಬ್ಯಾಡ. ಅಂವಾ ಕಲಿಸಿದಷ್ಟ ಸಾಕು."

'ಞ'ಕ್ಕೇ ನಿಲ್ಲಿಸಿದಳು. ಇವತ್ತಿಗೂ ಬಸ್ಸಿನ ಫಲಕದಲ್ಲಿ 'ಗ', 'ಜ' ಕಂಡರೆ ತಾನೇ ಹತ್ತುತ್ತಾಳೆ. ರೋಣದ ಬಸ್ಸಿಗಾದರೆ ಪಕ್ಕದವರನ್ನು ಕೇಳಬೇಕು.