ಮೊದಲು ಬೀಳಲು ಕಲಿಸುವ ಸುರೇಬಾನದ ವಸ್ತಾದ

ಸೂರ್ಯ ಮೂಡಲು ಇನ್ನೂ ಹೊತ್ತಿದೆ. ಸುರೇಬಾನದ ಗರಡಿಮನೆಯ ಗಿಡ್ಡ ಬಾಗಿಲಲ್ಲಿ ಬಗ್ಗಿ ಒಳಗೆ ಹೋದ ರಾಯಪ್ಪ ವಸ್ತಾದರು ಕುಸ್ತಿಯ ಕೆಮ್ಮಣ್ಣನ್ನು ಸಲಿಕೆಯಿಂದ ಮಗುಚುತ್ತಿದ್ದಾರೆ. ಕೆಲಸವೆಲ್ಲ ಎಡಗೈಯದು. ಬಲಗೈ ಪಕ್ಕೆಗೆ ಅಂಟಿಕೊಂಡೇ ಇರುತ್ತದೆ. ನಡುನಡುವೆ ಸಲಿಕೆ ಬದಿಗಿಟ್ಟು ಮಣ್ಣಿನೊಳಗೆ ಕೈ ಇಳಿಸಿ ನೋಡುತ್ತಾರೆ. ಮುಂಗೈ ಮುಳುಗಬೇಕು, ಮುಳುಗಿದ ಕೈಗೆ ಹರಳು ತಾಗಬಾರದು. ಮಜ್ಜಿಗೆ, ಅರಿಷಿಣ, ಎಣ್ಣೆ ಕುಡಿದ ಮಣ್ಣು ಗಮ್ಮೆನ್ನುತ್ತದೆ.

“ಕುಂದರ್ರಿ” ಎಂದು ನನಗೆ ಕಟ್ಟೆ ತೋರಿಸುತ್ತಾರೆ. “ಮಣ್ಣಾಗಷ್ಟ ಕಾಲ ಇಡಬ್ಯಾಡ್ರಿ. ಇಟ್ರ ನಾ ನಿಮ್ಮನ್ನ ಕೆಡವಬೇಕಾಕ್ಕೈತಿ. ಈಗ ಅದು ನನ್ನ ಕೈಲಿಂದ ಆಗೂದಿಲ್ಲ.”

ನಗುತ್ತಲೇ ಹೇಳುತ್ತಾರೆ. ಆದರೆ ಅವರ ಕಷ್ಟವೆಲ್ಲ ಇರುವುದು ಆ ಮಾತಿನಲ್ಲೇ.

ಕುಸ್ತಿ ಕಲಿಸುವ ಗುರುವಿಗೆ ಇಲ್ಲಿ ವಸ್ತಾದ ಎನ್ನುತ್ತಾರೆ. ರಾಯಪ್ಪನವರಿಗೆ ಕಲಿಸಿದವರು ಮಡಿವಾಳೆಪ್ಪ ವಸ್ತಾದರು. ಮಡಿವಾಳೆಪ್ಪನವರ ಗುರು ರಾಮದುರ್ಗ ಸಂಸ್ಥಾನದ ಕಾಲದ ಪೈಲ್ವಾನರು. ಈ ಗುರುಪರಂಪರೆಯಲ್ಲಿ ಹೊಸಬರಿಗೆ ಒಂದೇ ಪಾಠ, ಅದು ಬೀಳುವುದು. ಮುಂಗಾರಿಗೆ ಬಂದವರು ದೀಪಾವಳಿ ತನಕ ಬೀಳುತ್ತಲೇ ಇರಬೇಕು. ಎದುರಾಳಿಯನ್ನು ಕೆಡವುವ ಪಟ್ಟಿಗೆ ಡಾವು ಎನ್ನುತ್ತಾರಲ್ಲ, ಅಂಥದ್ದು ಒಂದನ್ನೂ ಅಲ್ಲಿಯವರೆಗೆ ಹೇಳಿಕೊಡುವುದಿಲ್ಲ.

ಕೆಡವುವವರು ಸ್ವತಃ ವಸ್ತಾದರು. ನಡು ಹಿಡಿದು ಎತ್ತಿ, ಗಾಳಿಯಲ್ಲಿ ಕೈ ಬಿಟ್ಟುಬಿಡುತ್ತಾರೆ. ಆಧಾರ ತಪ್ಪಿದ ಮೈ ತನ್ನಷ್ಟಕ್ಕೆ ತಾನು ಹೇಗೆ ಹೊರಳುತ್ತದೆ ಎಂದು ನೋಡುತ್ತಾರೆ. ತಿಂಗಳುಗಟ್ಟಲೆ ಹಾಗೆ ನೋಡಿದ ಮೇಲೆ, ಆ ಮೈಗೆ ಒಪ್ಪುವ ಮೊದಲ ಡಾವನ್ನು ಆರಿಸಿ ಕೊಡುತ್ತಾರೆ. ಅದು ಆ ಕುಸ್ತಿಗಾರನ ಸ್ವಂತ ಡಾವು. ಮುಂದೆ ಎಷ್ಟು ಕಲಿತರೂ ಕಷ್ಟಕಾಲಕ್ಕೆ ಅವನ ಮೈ ಅದಕ್ಕೇ ಓಡುತ್ತದೆಯಂತೆ.

“ನಾ ಬಿದ್ರ ಮೊದಲ ನಡಾ ತಿರಗತಿತ್ತು. ನಮ್ಮ ವಸ್ತಾದ್ರು ನನಗ ಢಾಕ ಕೊಟ್ರು, ನಡದ ಮ್ಯಾಲ ಎತ್ತಿ ಒಗಿಯೂದು. ನಮ್ಮ ಮಾಂತೇಶ ಹೆಗಲ ಮುಂದ ಮಾಡಿ ಉಂಡಿ ಆಗಿ ಬೀಳ್ತಿದ್ದ. ಅವಗ ಕಲಾಜಂಗ ಕೊಟ್ಟೆ, ಹೆಗಲ ಮ್ಯಾಲ ಹೊತ್ತ ಒಗಿಯೂದು. ಅದೊಂದರ ಮ್ಯಾಲ ಸುತ್ತಿನ ಊರೆಲ್ಲಾ ಗೆದ್ದ.”

ಬೀಳುವುದಕ್ಕೇ ಇಷ್ಟು ದಿನವೇ ಎಂದರೆ ಅವರ ಉತ್ತರ ಸಿದ್ಧವಿದೆ. “ಬೀಳಾಗ ಕೈ ಊರಿದ್ರ ಕೈ ಹೋಕ್ಕೈತಿ, ತಲಿ ಊರಿದ್ರ ಆಯುಷ್ಯ ಹೋಕ್ಕೈತಿ. ಗೆದ್ದಾಂವ ಹೆಂಗರ ಮಾಡಿ ಮನಿ ಮುಟ್ಟತಾನ. ಸೋತಾಂವನೂ ನಡಕೊಂತ ಮನಿಗೆ ಹೋಗಬೇಕಲ್ರಿ?”

ರಾಯಪ್ಪನವರ ಹೊಟ್ಟೆಪಾಡು ಊರಿನ ಹಿಟ್ಟಿನ ಗಿರಣಿಯಲ್ಲಿ. ಗರಡಿಯಿಂದ ಒಂದು ಪೈಸೆ ಬರುವುದಿಲ್ಲ, ಕೇಳಿದವರೂ ಅಲ್ಲ. ಉಳುಕು ತೆಗೆಸಿಕೊಳ್ಳಲು ಬಂದವರು ಎರಡು ತೆಂಗಿನಕಾಯಿ ಇಟ್ಟು ಹೋಗುತ್ತಾರೆ. ಮಂದಿಯ ಉಳುಕು ತೆಗೆಯುವ ಈ ಮನುಷ್ಯನ ಬಲ ಹೆಗಲೇ ಎರಡು ವರ್ಷದಿಂದ ಹಿಡಿದುಕೊಂಡಿದೆ. ಕೈ ಕಿವಿಯ ಮಟ್ಟಕ್ಕೆ ಏಳುವುದಿಲ್ಲ. ಇನ್ನು ಏಳುವುದೂ ಇಲ್ಲ ಎಂದು ಡಾಕ್ಟರು ಹೇಳಿಯಾಗಿದೆ. “ಮಂದಿ ಗಂಡಂದಿರು ಮನಿ ಕಟ್ಟಿಸ್ಯಾರ, ನಮ್ಮನಿಯವ್ರು ಮಂದಿ ಮಕ್ಕಳನ್ನ ಕೆಡವ್ಯಾರ” ಎಂದು ಹೆಂಡತಿ ಇಂದ್ರವ್ವ ನಗುತ್ತಿದ್ದರಂತೆ. ಹೆಗಲು ಹಿಡಿದ ಮೇಲೆ ಆ ನಗೆಮಾತೂ ನಿಂತಿದೆ.

ಹುಡುಗರು ಬರುತ್ತಾರೆ, ಒಂದು ವಾರ ಬೀಳುತ್ತಾರೆ, ಆಮೇಲೆ ಮೊಬೈಲ್ ಹಿಡಿದು ‘ಈ ಡಾವ ಕಲಸ್ರಿ’ ಎನ್ನುತ್ತಾರೆ. ಇಲ್ಲವೆಂದರೆ ರಾಮದುರ್ಗದ ತರಬೇತಿ ಕೇಂದ್ರಕ್ಕೆ ಹೋಗುತ್ತಾರೆ. ಅಲ್ಲಿ ಮೆತ್ತನೆಯ ಮ್ಯಾಟ್ ಇದೆ, ಮೊದಲ ದಿನವೇ ಡಾವು ಸಿಗುತ್ತದೆ. ಅಲ್ಲಿ ಕಲಿಸುವವನು ಇದೇ ಮಾಂತೇಶ, ರಾಯಪ್ಪನವರ ಶಿಷ್ಯ.

ಈ ವರ್ಷ ಗರಡಿಯಲ್ಲಿ ಉಳಿದಿರುವುದು ಒಬ್ಬಳೇ, ಹದಿಮೂರರ ಸ್ನೇಹಲ್. ಹೆಣ್ಣುಮಗಳು ಮಣ್ಣಿಗೆ ಇಳಿದದ್ದಕ್ಕೆ ಊರಲ್ಲಿ ಮಾತು ಬರಲಿಲ್ಲವೇ? “ಗರಡಿ ದೇವ್ರು ಹಣಮಪ್ಪ ಏನೂ ಅನ್ನಲಿಲ್ರಿ. ಅಂದಾವ್ರೆಲ್ಲ ಕಟ್ಟಿ ಮ್ಯಾಲ ಕುಂತ ಮಂದಿ.”

ದಿನವೂ ಅವಳನ್ನು ಕರೆತರುವುದು ಅಜ್ಜಿ ಶಟ್ಟೆವ್ವ. ಬಂದು ಕೂರುವ ಮೊದಲೇ ಬಾಯಿ ಶುರುವಾಗುತ್ತದೆ. “ಪೈಲ್ವಾನಪ್ಪಾ, ನಾಕ ತಿಂಗಳಾತು, ಬರೇ ಉಳ್ಳಾಡೂದ! ಬೀಳಾಕ ಇಲ್ಲೀತನ ಯಾಕ ಬರಬೇಕೋ? ನಮ್ಮ ಹಿತ್ತಲದಾಗ ಪಾಚಿ ಕಟ್ಟೈತಿ, ಅಲ್ಲೇ ಬೀಳ್ತಾಳ.”

“ಅಲ್ಲಿ ಆಕಿ ಬೀಳೂದಿಲ್ಲಬೇ ಯಕ್ಕಾ, ನೀ ಬೀಳ್ತಿ. ಎಲುಬ ಕೂಡಸಾಕ ನನ್ನ ಕಡೇನ ಬರ್ತಿ.”

ಶಟ್ಟೆವ್ವನ ಅವಸರಕ್ಕೆ ಕಾರಣವಿದೆ. ಬರುವ ತಿಂಗಳು ಕ್ರೀಡಾ ವಸತಿ ಶಾಲೆಯ ಆಯ್ಕೆ ನಡೆಯುತ್ತದೆ. ಅಲ್ಲಿ ಸೀಟು ಸಿಕ್ಕರೆ ಮೊಮ್ಮಗಳಿಗೆ ಊಟ, ಓದು, ಕುಸ್ತಿ ಮೂರೂ ಸಿಗುತ್ತವೆ. ಸ್ನೇಹಲ್ ತಾನಾಗಿಯೇ ಹೊರಳಿ ಬೀಳುವುದನ್ನು ಕಲಿತಿದ್ದಾಳೆ. ಆದರೆ ಅವಳನ್ನು ಎತ್ತಿ ಕೈಬಿಡುವವರೇ ಇಲ್ಲ. ಕೈಬಿಡದೆ ಅವಳ ಡಾವು ತಿಳಿಯುವಂತಿಲ್ಲ. ಹಾಗಾಗಿ ರಾಯಪ್ಪನವರು ಮಾಂತೇಶನಿಗೆ ಹೇಳಿ ಕಳಿಸಿದ್ದಾರೆ. ಅವನು ಬಂದು ಕೆಡವಿದರೆ ತಾವು ಪಕ್ಕದಲ್ಲಿ ನಿಂತು ನೋಡಬಹುದು. ನೋಡುವುದನ್ನು ಅವನಿಗೂ ಕಲಿಸಿಬಿಟ್ಟರೆ ತಮ್ಮ ನಂತರ ಒಬ್ಬ ಉಳಿಯುತ್ತಾನೆ.

ಮಾಂತೇಶನ ಬೈಕು ಬಂದು ನಿಲ್ಲುತ್ತದೆ. ಗುರುವಿನ ಕಾಲು ಮುಟ್ಟಿ, ಚಿಟಿಕೆ ಮಣ್ಣು ಹಣೆಗೆ ಹಚ್ಚಿಕೊಂಡು ಇಳಿಯುತ್ತಾನೆ. ಸ್ನೇಹಲ್‌ಳ ನಡು ಹಿಡಿದು ಎತ್ತುತ್ತಾನೆ, ತಿರುಗಿಸುತ್ತಾನೆ, ಕೆಡವುತ್ತಾನೆ. ಹತ್ತಿಯ ಗಂಟು ಇಳಿಸಿದ ಹಾಗೆ ಅವಳು ನೆಲ ಮುಟ್ಟುತ್ತಾಳೆ. ಕೊನೆಯ ಗಳಿಗೆಯವರೆಗೂ ಮಾಂತೇಶನ ಅಂಗೈ ಅವಳ ತಲೆಯ ಕೆಳಗಿದೆ.

“ಕೈ ಬಿಡೋ ಮಾಂತ್ಯಾ.”

ಮತ್ತೆ ಎತ್ತುತ್ತಾನೆ. ಮತ್ತೆ ಅಂಗೈ ಅಲ್ಲೇ. ಇನ್ನೊಮ್ಮೆ, ಮಗದೊಮ್ಮೆ. ಹಾಗೆಯೇ.

“ಇದು ನಿನ್ನ ಬೀಳಿಕಿಪಾ. ಆಕಿದು ಎಲ್ಲೈತಿ?”

ಮಾಂತೇಶ ಮಣ್ಣಿನ ಅಂಚಿಗೆ ಕೂರುತ್ತಾನೆ. “ಬಿಡಬೇಕಂದ್ರೂ ಕೈ ಬಿಡವಲ್ದರಿ ವಸ್ತಾದ್ರ. ಅಲ್ಲಿ ರಾಮದುರ್ಗದಾಗ ಒಂದ ಕೂಸಿನ ಮಣಕಾಲ ಕೆತ್ತಿದ್ರ ಅವ್ವ ಅಪ್ಪ ಇಬ್ರೂ ಬರ್ತಾರ, ಹಿಂದ ವಿಡಿಯೋ ಮಾಡಾಂವ ಒಬ್ಬ ಬರ್ತಾನ. ಹಿಡದ ಹಿಡದ ಕೆಡವಿ ಕೈಗೆ ಅದ ರೂಢಿ ಆಗಿಬಿಟ್ಟೈತಿ. ನೀವು ಕಲಿಸಿದ್ದ ಇಲ್ಲೇ ಇತ್ರಿ.” ಅಂಗೈ ಚಾಚಿ ತೋರಿಸುತ್ತಾನೆ. “ಯಾವಾಗ ಹೋತೋ ಗೊತ್ತಾಗಲಿಲ್ಲ.”

ರಾಯಪ್ಪನವರು ಬೈಯುವುದಿಲ್ಲ. ತಾವೇ ಮಣ್ಣಿಗೆ ಇಳಿಯುತ್ತಾರೆ. ಎಡಗೈಯನ್ನು ಹುಡುಗಿಯ ನಡುವಿಗೆ ಸುತ್ತಿ ಎತ್ತುತ್ತಾರೆ. ಗೇಣುದ್ದ ಏಳುತ್ತಾಳೆ. ಮುಂದಿನದು ಬಲ ಹೆಗಲಿನ ಕೆಲಸ. ಹೆಗಲು ಮೇಲೇಳುವುದಿಲ್ಲ. ಮೆಲ್ಲಗೆ ಅವಳನ್ನು ಕಾಲ ಮೇಲೆಯೇ ನಿಲ್ಲಿಸುತ್ತಾರೆ.

ಆಮೇಲೆ ಶಟ್ಟೆವ್ವನ ಕಡೆ ತಿರುಗುತ್ತಾರೆ. “ಯಕ್ಕಾ, ನಾಳಿಂದ ಕೂಸಿನ್ನ ಮಾಂತ್ಯಾನ ಕಡೆ ಕಳಸು. ಆಯ್ಕಿ ಮಾಡಾವ್ರು ಹೆಂಗ ಬೀಳ್ತಿ ಅಂತ ಕೇಳೂದಿಲ್ಲ, ಹೆಂಗ ಕೆಡವ್ತಿ ಅಂತ ಕೇಳ್ತಾರ.”

“ನಾ ಬಾಯಿಗೆ ಬಂದದ್ದ ಅಂದ್ನಿ. ಅಷ್ಟಕ್ಕ ಸಿಟ್ಟಾದೇನೋ ಯಪ್ಪಾ?”

“ಸಿಟ್ಟೆಲ್ಲೀದಬೇ. ಆಕಿ ಮುಂದಿಂದು ನೋಡಬೇಕಲ್ಲ.”

ಸ್ನೇಹಲ್ ಮೈಗೆ ಹತ್ತಿದ ಮಣ್ಣು ಕೊಡವಿಕೊಳ್ಳುವುದಿಲ್ಲ. ನಿಂತೇ ಇದ್ದಾಳೆ. “ಅಜ್ಜಾ, ನನ್ನ ಡಾವು ಯಾವ್ದು? ಅದನ್ನರ ಹೇಳ್ರಿ. ಅಲ್ಲಿ ಅದನ್ನ ಮೊದಲ ಕಲೀತೇನಿ.”

ಅವಳ ಮುಖವನ್ನೇ ನೋಡುತ್ತ ರಾಯಪ್ಪನವರು ಹೇಳುತ್ತಾರೆ. “ಗೊತ್ತಾಗಲಿಲ್ಲ, ಯವ್ವಾ.”

ಅಜ್ಜಿ ಮೊಮ್ಮಗಳು ಹೋಗುತ್ತಾರೆ. ಮಾಂತೇಶನೂ ಹೋಗುತ್ತಾನೆ. ಕಲಿಯಲು ಬರುವವರು ನಾಳೆಯಿಂದ ಯಾರೂ ಇಲ್ಲ. ಯಾವುದೋ ಒಂದು ಡಾವಿನ ಹೆಸರು ಹೇಳಿದ್ದರೆ ಆ ಮಗುವಿಗೆ ಧೈರ್ಯವಾದರೂ ಬರುತ್ತಿತ್ತಲ್ಲ ಎಂದು ಕೇಳುತ್ತೇನೆ. ಅವರು ಬಲ ಹೆಗಲು ತಿಕ್ಕಿಕೊಳ್ಳುತ್ತಾರೆ.

“ಹೇಳಬಹುದಿತ್ರಿ. ಢಾಕ ಅಂದಿದ್ರ ಢಾಕ ಅಂತ ನಂಬಿ ಹೋಗ್ತಿತ್ತು ಕೂಸು. ನಮ್ಮ ವಸ್ತಾದ್ರು ಬೀಳೂದನ್ನ ನೋಡಲಾರದನ, ಯಾರಿಗೂ ಡಾವ ಕೊಟ್ಟಾವ್ರಲ್ಲ. ನಾನೂ ಕೊಟ್ಟಿಲ್ಲ. ಗರಡಿ ಮುಚ್ಚತೈತಿ, ಮುಚ್ಚಲಿ. ಅದೊಂದು ಮಾತ ನನ್ನ ಕೈಯಾಗ ಕೆಡಲಿಲ್ಲ.”